ಕೂಗು ಬಂದ ಕಡೆಗೆ

ಬೈರಕೂರು
೧೬ ಫೆಬ್ರವರಿ ೨೦೨೫

ಪ್ರೀತಿಯ ಅತೀಕ್,

ಹೇಗಿದ್ದೀಯ ಅಂತ ಕೇಳುವುದಕ್ಕೇ ಇಷ್ಟು ತಡ ಮಾಡಿದ್ದೇನೆ, ಬೈದುಕೋ. ಆದರೆ ತಪ್ಪೆಲ್ಲ ನನ್ನದೇ ಅಲ್ಲ. ನೀನು ಫೋನ್ ಎತ್ತುವುದಿಲ್ಲ, ಮೆಸೇಜಿಗೆ ಉತ್ತರ ಕೊಡುವುದಿಲ್ಲ. ಕೊನೆಗೆ ಪೋಸ್ಟ್ ಆಫೀಸಿಗೆ ಹೋಗಿ ಕವರ್ ಕೇಳಿದರೆ ಅಲ್ಲಿದ್ದ ಅನಿಲ್‌ಕುಮಾರ್ "ಯಾರಿಗಣ್ಣಾ, ಕೋರ್ಟಿಗಾ?" ಅಂದ. ಸ್ನೇಹಿತನಿಗೆ ಅಂದರೆ ನಂಬಲಿಲ್ಲ. ಮಾಲೂರಲ್ಲಿ ನಿನ್ನ ಅಕ್ಕ ಸುಗ್ರಾ ಆಪಾ ಮನೆಯಲ್ಲೇ ಇದ್ದೀಯ ಅಂತ ಗೊತ್ತು. ನೀನು ಈ ಕಾಗದ ಓದುವ ತನಕ ಆಪಾ ನಿನಗೆ ಊಟ ಹಾಕುವುದಿಲ್ಲ ಅಂತಲೂ ಗೊತ್ತು.

ಮಾವು ಈ ಸಲ ಚೆನ್ನಾಗಿ ಹೂ ಬಿಟ್ಟಿದೆ. ಮುಳಬಾಗಿಲಿನ ನಿನ್ನ ಸೀಟ್ ಕವರ್ ಅಂಗಡಿಯ ಶಟರ್ ಮೇಲೆ ಯಾರೋ ಟ್ಯೂಷನ್ ಪೋಸ್ಟರ್ ಅಂಟಿಸಿದ್ದಾರೆ. ನಾನು ಡ್ರಿಪ್ ಪೈಪ್ ಜೋಡಿಸುವುದಕ್ಕೆ ಹೋಗುತ್ತೇನೆ, ಬರುತ್ತೇನೆ, ಉಣ್ಣುತ್ತೇನೆ. ವೆಂಕಟ ಹೋದಂದಿನಿಂದ ಒಂದು ಹನಿ ಕಣ್ಣೀರು ಬಂದಿಲ್ಲ. ತಮ್ಮ ಸತ್ತರೆ ಅಣ್ಣ ಹೀಗಿರುತ್ತಾನಾ ಅಂತ ನಿನ್ನ ಅತ್ತಿಗೆ ಶೋಭಾರಾಣಿ ಹೆದರಿಕೊಂಡು ನೋಡುತ್ತಾಳೆ. ಕೂತು ಕೂತು ಜೋಮು ಹಿಡಿದ ಕಾಲಿನ ಹಾಗಾಗಿದ್ದೇನೆ ಕಣೋ. ಕಾಲು ನನ್ನದೇ, ಗಿಲ್ಲಿದರೆ ಮಾತ್ರ ಬೇರೆ ಯಾರದೋ.

ನಮ್ಮ ಕೆರೆ ತುಂಬಿದ ವರ್ಷ ನೀನು ಆ ಹಳೇ ಕಯಾಕ್ ತಂದದ್ದು ನೆನಪಾಗುತ್ತದೆ. "ಕುಡಿಯಕ್ಕೆ ನೀರಿಲ್ಲ, ಇವ್ರಿಗೆ ದೋಣಿ ಬೇಕಂತೆ" ಅಂತ ದೊಡ್ಡವೆಂಕಟಪ್ಪ ಚಿಕ್ಕಪ್ಪ ಇಡೀ ಊರಿಗೆ ಸಾರಿದ್ದರು. ಕೋದಂಡರಾಮಪ್ಪನ ಬಾವಿಯಲ್ಲಿ ಈಜು ಕಲಿತ ನಮಗೆ ಕೆರೆಯೇ ಸಮುದ್ರ. ಬಾವಿಯ ಮೆಟ್ಟಿಲ ಮೇಲೆ ಅಮ್ಮ ನಿಂತಿರುತ್ತಿದ್ದಳು. ಕಣ್ಣಿಗೆ ನೀರು ಹೋದರೆ ಏನೂ ನೋಡಬೇಡ, ಕೂಗು ಬಂದ ಕಡೆಗೆ ಈಜು: ಅಷ್ಟೇ ನಮ್ಮ ಪಾಠ. ನೀನು, ನಾನು, ಆಮೇಲೆ ವೆಂಕಟ, ಮೂವರೂ ಅವಳ ಕೂಗು ಹಿಡಿದೇ ಮೆಟ್ಟಿಲು ಮುಟ್ಟಿದವರು.

ಕಳೆದ ವಾರ ಮನೆಯಲ್ಲಿ ಸುಳ್ಳು ಹೇಳಿ, ವೆಂಕಟ ಹೋದ ಆ ಕಡಲಿಗೇ ಹೋಗಿದ್ದೆ. ಕಯಾಕ್ ಬಾಡಿಗೆಗೆ ಕೊಡುವ ಶ್ರೀಧರ್ ನನ್ನ ಗುರುತು ಹಿಡಿದು ಎದ್ದು ನಿಂತ. ಚಹಾ ಮಾಡಿ ಕೊಟ್ಟ. ಮತ್ತೆ ಕಯಾಕ್ ಬೇಕು ಅಂದೆ. ತಾನೂ ಇನ್ನೊಂದರಲ್ಲಿ ಜೊತೆಗೆ ಬಂದ.

ಅಲೆ ಒಡೆಯುವ ಜಾಗ ದಾಟಿ, ಕಯಾಕಿನ ಮೂತಿಯನ್ನು ದಡದ ಕಡೆ ತಿರುಗಿಸಿ ಕಾದೆ. ಹಿಂದಿನಿಂದ ಅಲೆ ಬಂದು ಎತ್ತಿತು. ಜೋರಾಗಿ ಹುಟ್ಟು ಹಾಕಿ ಹಿಂದಕ್ಕೆ ವಾಲಿದೆ. ಆಮೇಲೆ ನನ್ನ ಕೆಲಸವೇನೂ ಇರಲಿಲ್ಲ, ಕಯಾಕ್ ತಾನೇ ಅಲೆಯ ಇಳಿಜಾರಿನಲ್ಲಿ ಹೊರಟಿತು. ಮುಖಕ್ಕೆ ನೊರೆ ಹೊಡೆಯಿತು, ಮರಳಿನವರೆಗೂ ಒಂದೇ ಓಟ. ನಾವು ಮೂವರೂ ಕನಸು ಕಂಡ ಓಟ ಅದು. ವೆಂಕಟ ಇದ್ದಿದ್ದರೆ ಕೇಕೆ ಹಾಕುತ್ತಿದ್ದ. ನನಗೆ ಬಸ್ಸಿಂದ ಇಳಿದಷ್ಟೇ ಅನ್ನಿಸಿತು.

ಮತ್ತೊಮ್ಮೆ ಒಳಗೆ ಹೋದಾಗ ಅಲೆಗೆ ಸಿಕ್ಕಿ ಮಗುಚಿಕೊಂಡೆ. ಮೇಲೆದ್ದು ದಡದ ಕಡೆಗೆ ಈಜತೊಡಗಿದ್ದೆ, ಶ್ರೀಧರ್ ಕಿರುಚಿದ: "ಆಚೆ ಬದಿಗೆ ಹೋಗಿ! ಕಡಲಿನ ಬದಿಗೆ!"

ದಡಕ್ಕೆ ಬಂದ ಮೇಲೆ ಮರಳಿನಲ್ಲಿ ಕೂತು ಹೇಳಿದ. "ಮಗುಚಿದ್ರೆ ಯಾವಾಗ್ಲೂ ಕಯಾಕಿನಿಂದ ಆಚೆ, ಕಡಲಿನ ಬದಿಯಲ್ಲಿರ್ಬೇಕು ಮಾರಾಯ್ರೆ. ದಡದ ಬದಿಗೆ ಬಂದ್ರೆ ಮುಂದಿನ ಅಲೆ ಕಯಾಕನ್ನೇ ಎತ್ತಿ ನಿಮ್ಮ ಮೇಲೆ ಹಾಕ್ತದೆ. ಅವತ್ತು ಮಗುಚಿದಾಗ ನಿಮ್ಮ ತಮ್ಮ ಮೊದ್ಲು ಸರಿಯಾದ ಬದಿಯಲ್ಲೇ ಇದ್ರು. ನಿಮ್ಮ ಫ್ರೆಂಡು 'ಅಲ್ಲೇ ಇರು, ಬಂದೆ' ಅಂತ ಕೂಗಿಕೊಂಡು ಹತ್ರ ಹೋಗ್ತಿದ್ರು. ಅಷ್ಟರಲ್ಲಿ ನಿಮ್ಮ ತಮ್ಮ ಕಯಾಕಿಗೆ ಸುತ್ತು ಹಾಕಿ ದಡದ ಬದಿಗೆ ಬಂದ್ಬಿಟ್ರು. ಕಯಾಕ್ ಕುತ್ತಿಗೆಗೇ ಬಿತ್ತು ನೋಡಿ. ಯಾಕೆ ಬಂದ್ರು ಅಂತ ನನಗೆ ಇವತ್ತಿಗೂ ಗೊತ್ತಾಗ್ಲಿಲ್ಲ."

ನಾನು ಆಗ ಎಳನೀರು ತರಲು ರಸ್ತೆಗೆ ಹೋಗಿದ್ದೆ. ದಡದಲ್ಲಿ ಅಮ್ಮ ಒಬ್ಬಳೇ ಇದ್ದಳು. ಅವಳಿಗೆ ಸಮುದ್ರ ತೋರಿಸಬೇಕು ಅಂತಲೇ ಅಲ್ಲವೇ ನಾವು ಅವತ್ತು ಹೊರಟದ್ದು.

ಊರಲ್ಲಿ ನಿನ್ನ ಮೇಲಿನ ಮಾತು ನಿಂತಿಲ್ಲ. ಮೊನ್ನೆ ಅರಳಿಕಟ್ಟೆಯಲ್ಲಿ ಚಿಕ್ಕಪ್ಪ, "ಆ ಅತೀಕ ಕರ್ಕೊಂಡೋಗಿ ನಡುನೀರಲ್ಲಿ ಕೈಬಿಟ್ಟ" ಅಂದರು. "ಅವನ ತಪ್ಪೇನೂ ಇಲ್ಲ ಚಿಕ್ಕಪ್ಪ, ಉಳಿಸಕ್ಕೆ ಹೋಗಿದ್ದ" ಅಂದೆ. "ಮತ್ತೆ ಯಾರ್ದಪ್ಪಾ ತಪ್ಪು?" ಅಂತ ಕೇಳಿದರು. ಎದ್ದು ಬಂದೆ. ಆದರೂ ಉಳಿಸಕ್ಕೆ ಹೋಗಿದ್ದ ಅನ್ನುವ ಮಾತನ್ನು ಇನ್ನು ಪ್ರತಿಯೊಬ್ಬರಿಗೂ ಹೇಳುತ್ತೇನೆ, ಅವರು ನಂಬಲಿ ಬಿಡಲಿ.

ವಾಪಸ್ ಬಾ ಲೇ. ಆ ಪೋಸ್ಟರ್ ಕಿತ್ತು ಅಂಗಡಿ ತೆಗಿ. ತಮ್ಮನನ್ನು ಕಳೆದುಕೊಂಡದ್ದಾಯಿತು, ನಿನ್ನನ್ನೂ ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ. ಆಪಾಗೆ ನನ್ನ ಸಲಾಂ ಹೇಳು. ಅವರ ಮಗಳು ಕಹಕಶಾಗೆ ಪರೀಕ್ಷೆ ಸುಲಭವಾಗಲಿ, ನಿನ್ನ ಕಣ್ಣಿಗೆ ನಿದ್ದೆ ಹತ್ತಲಿ. ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ,
ಕದಿರೇಶ

ತಾ.ಕ.: ಮರೆತು ಬಿಟ್ಟದ್ದಲ್ಲ ಇದು. ಬರೆಯಲು ಕೈ ಬಾರದೆ ಕೊನೆಗೆ ಉಳಿಯಿತು. ನಾನು ಕಡಲಿನಿಂದ ಬಂದ ದಿನ ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಎಲ್ಲಿಗೆ ಹೋಗಿದ್ದೆ ಅಂತ ಕೇಳಲಿಲ್ಲ, ತಾನಾಗಿಯೇ ಹೇಳಿದಳು. "ಅವತ್ತು ಅವ್ನು ಬಿದ್ನಲ್ಲ, ನಾನ್ ಕೂಗ್ದೆ ಕಣೋ. ಬಾವಿ ಹತ್ರ ಕೂಗ್ತಿದ್ನಲ್ಲ ಹಂಗೇ. ಈ ಕಡೆ ಬಾರೋ ನಾಯ್ನಾ, ನನ್ ಕಡೆ ಬಾ ಅಂತ. ಅಷ್ಟು ಸದ್ದಲ್ಲೂ ನನ್ ಕೂಗು ಕೇಳಿಸ್ಕೊಂಡ ಮಗ. ತಿರುಗಿ ನನ್ ಕಡೆಗೇ ಬಂದ. ಅದೊಂದೇ ಕಣೋ ನನ್ನ ಬದುಕಿಸಿರೋದು."

ನೀನು ನೀರಲ್ಲಿದ್ದವನು. ಆ ಕೂಗು ನಿನಗೂ ಕೇಳಿಸಿದೆ. ಅದಕ್ಕೇ ಬಾಯಿ ಬಿಡದೆ ಊರಿನ ಬೈಗುಳ ಹೊತ್ತುಕೊಂಡು ಹೋದೆ.

"ಅತೀಕ ಬಂದ್ರೆ ಕೇಳ್ಬೇಕು, ಅವ್ನು ಹತ್ರದಿಂದ ನೋಡಿರ್ತಾನೆ. ನನ್ ಕೂಗಿಗೇ ತಾನೆ ಅವ್ನು ಬಂದಿದ್ದು?" ಅಂದಳು. ನಾನು ಹೂಂ ಅಂದೆ.

ಬಂದಾಗ ನಿನ್ನನ್ನೂ ಕೇಳುತ್ತಾಳೆ. ನೀನೂ ಹೂಂ ಅಂದುಬಿಡು.