ಟೆನಿಸ್ ಆಡದ ಆಯಿಗೆ

ತೇಲೂರು,
ಫೆಬ್ರವರಿ 31, 2407

ಗುರುಸಂಗವ್ವ ಆಯಿಗೆ ಶರಣು.

ತಾರೀಖು ನೋಡಿ ಹುಬ್ಬೇರಿಸಬೇಡ. ನಮ್ಮ ಕಾಲಕ್ಕೆ ಫೆಬ್ರವರಿ ಕೊಂಚ ಬೆಳೆದಿದೆ. ನನ್ನ ಮಾತು ಎಲ್ಲಿಯಾದರೂ ವಿಚಿತ್ರವೆನಿಸಿದರೆ ಮೊಮ್ಮಗಳೆಂದು ಹೊಟ್ಟೆಗೆ ಹಾಕಿಕೋ. ನಾನು ನಿನ್ನಿಂದ ಹದಿನಾಲ್ಕನೆಯ ತಲೆಮಾರಿನ ಶಾಂಭವಿ.

ನಿನಗೆ ‘ಟೆನಿಸ್ ಎಲ್ಬೋ’ ಆಗಿತ್ತೆಂಬ ಮಾತೊಂದೇ ನಮ್ಮವರೆಗೆ ಉಳಿದು ಬಂದಿತ್ತು. ಹಾಗಾಗಿ ನೀನು ದೊಡ್ಡ ಟೆನಿಸ್ ಆಟಗಾರ್ತಿಯೆಂದು ಮನೆತನವೆಲ್ಲ ಬೀಗುತ್ತಿತ್ತು. ಹುಟ್ಟಿದ ಕೂಸಿನ ತೊಟ್ಟಿಲಿಗೆ ಪುಟ್ಟ ರ‍್ಯಾಕೆಟ್ ಕಟ್ಟುತ್ತಿದ್ದೆವು! ಹೋದ ತಿಂಗಳು ನಿನ್ನ ದನಿ ಸಿಕ್ಕಿತು, ಗದಗಿನ ಖಾನಾವಳಿಯಿಂದ ಮಗಳಿಗೆ ಫೋನಿನಲ್ಲಿ ಕಳಿಸಿದ್ದು: “ಟೆನಿಸ್ ಅಂದ್ರ ಏನಂತ ನನಗೇನ್ ಗೊತ್ತವಾ? ರೊಟ್ಟಿ ಬಡದು ಬಡದು ಮೊಣಕೈ ಹಿಡದೈತಿ. ನಾಳೆ ನಂದ ರಕ್ತ ತಗದು, ಗರಗರ ತಿರುಗಿಸಿ, ಅದನ್ನ ನನಗ ಚುಚ್ಚತಾರಂತ. ಕೆಲವ್ರಿಗೆ ಆಗತೈತಿ, ಕೆಲವ್ರಿಗೆ ಆಗೂದಿಲ್ಲ ಅಂದಾರ ಡಾಕ್ಟರು. ನೋಡೂಣು.”

ಕೇಳಿ ನಕ್ಕೆ, ಆಮೇಲೆ ಬೆರಗಾಗಿ ಕೂತುಬಿಟ್ಟೆ. ಮಜ್ಜಿಗೆ ಕಡೆದು ಬೆಣ್ಣೆ ತೆಗೆದ ಹಾಗೆ ರಕ್ತ ತಿರುಗಿಸಿ ತಿಳಿಹಳದಿ ನೀರು ತೆಗೆಯುವುದು, ಅದನ್ನೇ ನೋಯುವ ಜಾಗಕ್ಕೆ ಕೊಟ್ಟು ಕಾಯುವುದು! ಮದ್ದೂ ನೀನೇ, ರೋಗಿಯೂ ನೀನೇ. ನಮಗೆ ಕಾಯುವುದೇ ಮರೆತುಹೋಗಿದೆ. ಇಲ್ಲಿ ಕೀಲುಮನೆಗಳಿವೆ, ಸವೆದ ಕೈ ಬಿಚ್ಚಿ ಹೊಸದು ಜೋಡಿಸಿ ಊಟದ ಹೊತ್ತಿಗೆ ಮನೆಗೆ ಕಳಿಸುತ್ತಾರೆ. ತೇಲೂರಿನಲ್ಲಿ, ಅಂದರೆ ಮೋಡದ ಮೇಲೆ ಕಟ್ಟಿಕೊಂಡ ಈ ಊರಿನಲ್ಲಿ, ಹುಟ್ಟುಗೈ ಇರುವವರೇ ಅಪರೂಪ. ಹೊಸ ಕೈ ಬಂಡೆಯನ್ನೂ ಎತ್ತುತ್ತದೆ, ಆದರೆ ಜೋಳದ ಹಿಟ್ಟಿನ ಹದ ಅದಕ್ಕೆ ತಿಳಿಯುವುದಿಲ್ಲ. ರೊಟ್ಟಿ ಅಂಚಿನಲ್ಲಿ ಹರಿಯುತ್ತದೆ.

ನಾನೂ ರೊಟ್ಟಿ ಬಡಿಯುವವಳೇ, ಆಯಿ. ಅದೇ ನನ್ನ ಬದುಕು. ಪಟಪಟ ಸದ್ದು ಕೇಳಲೆಂದೇ ಜನ ಬಂದು ನನ್ನೆದುರು ಕೂರುತ್ತಾರೆ. ಈಗ ನನ್ನ ಬಲ ಮೊಣಕೈಯೂ ಹಿಡಿದಿದೆ. ನೀರಿನ ಲೋಟ ಎತ್ತಿದರೂ ಜೀವ ಹೋಗುತ್ತದೆ. ಕೈ ಬದಲಿಸು ಎಂದು ಕೀಲುಮನೆಯವರು ದುಂಬಾಲು ಬಿದ್ದಿದ್ದಾರೆ. ಒಲ್ಲೆ ಎಂದೆ, ನಿನ್ನ ಕಾಲದ ಆ ಇಂಜೆಕ್ಷನ್ನೇ ಬೇಕೆಂದು ಹಟ ಹಿಡಿದೆ. ವೈದ್ಯೆಯೊಬ್ಬಳು ಒಪ್ಪಿದ್ದಾಳೆ. ಇದರಿಂದಲೂ ಗುಣವಾಗದಿದ್ದರೆ ಈ ಕೈಯನ್ನು ಅವರಿಗೆ ಕೊಟ್ಟುಬಿಡಬೇಕು. ಭಯವಾಗುತ್ತಿದೆ.

ನಿನಗೆ ಗುಣವಾಯಿತೋ ಇಲ್ಲವೋ ನಮಗೆ ತಿಳಿಯದು. ನಿನ್ನ ದನಿ ಅಲ್ಲಿಗೇ ನಿಲ್ಲುತ್ತದೆ. ನಾಳೆ ನನ್ನ ತೋಳಿನಿಂದ ತೆಗೆಯುವ ರಕ್ತದಲ್ಲಿ ನಿನ್ನದೂ ಒಂದು ಹನಿ ಇದ್ದೀತು. ಆಯಿ, ನೀನೂ ಒಂದು ಕೈ ಹಚ್ಚು.