ವಿಭೂತಿ ಎಂದು ಷರಾ ಬರೆದವರಿಗೆ

ಜಿಲ್ಲೆಯ ಗಾಳಿಗೆ ಹೊಣೆಗಾರರಾದ ಮಾನ್ಯ ಪರಿಸರ ಅಧಿಕಾರಿಗಳೇ,

ನಮ್ಮ ತಾರಸಿಯ ಮೇಲೆ ಬೀಳುತ್ತಿರುವ ಬೂದಿ ಗಡಿಯಾಚೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರದ್ದೇ ಅಲ್ಲವೇ ಎಂದು ಪರೀಕ್ಷಿಸಿ ಹೇಳಿರೆಂದು ನಿಮಗೆ ಅರ್ಜಿ ಕೊಟ್ಟಿದ್ದೆ. ನಿಮ್ಮ ಹಿಂಬರಹ ಬಂದಿದೆ: ‘ಸದರಿ ಮನೆಯವರು ಪ್ರತಿನಿತ್ಯ ವಿಭೂತಿ ಬಳಸುವುದು ಕಂಡುಬಂದಿದ್ದು, ಬೂದಿಯು ಅದರದ್ದೇ ಆಗಿರುತ್ತದೆ. ಅರ್ಜಿಯನ್ನು ಮುಕ್ತಾಯಗೊಳಿಸಿದೆ.’ ಮೂರು ಸಲ ಓದಿದೆ. ನಾನು ಗುಂಡ್ಲುಪೇಟೆಯಲ್ಲಿ ಇಂಗ್ಲಿಷ್ ಮೀಡಿಯಂ ಓದಿದವಳು, ಕಚೇರಿಯ ಕನ್ನಡ ನನಗೇ ಅರ್ಥವಾಗುತ್ತಿಲ್ಲವೇನೋ ಅಂದುಕೊಂಡೆ. ಆಮೇಲೆ ಚೆನ್ನಾಗಿ ಅರ್ಥವಾಯಿತು. ಅದಕ್ಕೇ ಈ ಪತ್ರ ಪತ್ರಿಕೆಗೆ.

ಮದುವೆಯಾಗಿ ಉಮ್ಮತ್ತೂರಿಗೆ ಬಂದು ನಾಲ್ಕು ತಿಂಗಳಾಯಿತು. ಗಂಡ ಬಸವಪ್ರಸಾದ್ ಬೀದಿಯ ತಿರುವಿನಲ್ಲಿ ಹಾರ್ನ್ ಹೊಡೆದರೂ ನನಗೆ ನಗು ಬರುತ್ತದೆ, ಅಷ್ಟು ಖುಷಿಯಲ್ಲಿದ್ದೇನೆ. ದೂರು ಬರೆಯುತ್ತ ಕೂರುವ ಕಾಲವೇ ಇದಲ್ಲ. ಆದರೆ ಬಂದ ಮೊದಲ ವಾರವೇ ತಾರಸಿಯಲ್ಲಿ ಒಣಹಾಕಿದ್ದ ಅವರ ಬಿಳಿ ಪಂಚೆಯ ಮೇಲೆ ಬೂದು ಪುಡಿ ಕೂತಿತ್ತು. ಅತ್ತೆ ಮಂಗಳಗೌರಿಯವರು ನನ್ನನ್ನೇ ಹಿಡಿದರು. ‘ಪೂಜೆ ಕೈಯಲ್ಲೇ ಬಟ್ಟೆ ಮುಟ್ಬುಟ್ಟಿದ್ದೀಯ ಕಣಮ್ಮಿ, ಇಬೂತಿ ಎಲ್ಲಾ ಮೆತ್ಕಂಡದೆ.’ ನಾನೂ ನಂಬಿ, ಕೈ ತೊಳೆದು ಒರೆಸಿಕೊಂಡೇ ಬಟ್ಟೆ ಹರವತೊಡಗಿದೆ. ಪುಡಿ ನಿಲ್ಲಲಿಲ್ಲ. ಮೂರು ಚಳಿಗಾಲದಿಂದ ಬಂದು ಹೋಗುತ್ತಿದ್ದ ಅತ್ತೆಯ ಉಬ್ಬಸ ಈ ಸಲ ಹೋಗಲೂ ಇಲ್ಲ.

ನಿಮ್ಮ ಸಿಬ್ಬಂದಿ ಸ್ಥಳ ಪರಿಶೀಲನೆಗೆ ಬಂದಾಗ ಅತ್ತೆ ಈ ವಿಭೂತಿಯ ಕಥೆಯನ್ನು ತಮಾಷೆಗೆ ಹೇಳಿದರು. ಬಂದವರು ನಗಲಿಲ್ಲ, ಪೆನ್ನು ತೆಗೆದು ಬರೆದುಕೊಂಡರು. ಒಂದು ಚಿಟಿಕೆ ಪುಡಿಯನ್ನೂ ಪೊಟ್ಟಣ ಕಟ್ಟಿಕೊಳ್ಳಲಿಲ್ಲ. ಎದುರು ಮನೆಯ ರಾಚಮ್ಮ ಆ ಸಿಬ್ಬಂದಿಯನ್ನು ತಡೆದು, ‘ಸಾರ್, ನನ್ ಮಗನ ಬೈಕ್ ಸೀಟ್ ಮೇಲೂ ಇದೇ ಕುಂತದೆ. ಅದೂ ಸಿವಪೂಜೆ ಮಾಡ್ತದಾ?’ ಎಂದು ಕೇಳಿದ್ದರು. ಆ ಪ್ರಶ್ನೆ ನಿಮ್ಮ ವರದಿಯಲ್ಲಿ ಏಕಿಲ್ಲ? ಅತ್ತೆಯದು ತಿಳಿಯದೆ ಆದ ತಪ್ಪು. ನಿಮ್ಮದು ಯಾವ ಬಗೆಯದು?

ನನ್ನ ಅನುಮಾನ ಬಲವಾದದ್ದು ಮಾಹಿತಿ ಹಕ್ಕಿನಲ್ಲಿ ಗಾಳಿಯ ಮಾಲಿನ್ಯ ಅಳೆಯುವ ನಿಮ್ಮ ಯಂತ್ರದ ದಾಖಲೆ ಪಡೆದ ಮೇಲೆ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ದಿನವೂ ಅಂಕಿ ಇದೆ, ಎಲ್ಲವೂ ‘ಉತ್ತಮ’. ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ‘ಯಂತ್ರ ದುರಸ್ತಿಯಲ್ಲಿದೆ’. ಮೂರು ವರ್ಷವೂ ಹೀಗೆಯೇ. ಪಡುವಣ ಗಾಳಿಯಲ್ಲಿ ಗಟ್ಟಿಮುಟ್ಟಾಗಿರುವ ಯಂತ್ರ, ಸ್ಥಾವರವಿರುವ ಮೂಡಣ ದಿಕ್ಕಿನಿಂದ ಗಾಳಿ ಬೀಸತೊಡಗಿದ ಕೂಡಲೇ ಹಾಸಿಗೆ ಹಿಡಿಯುವುದೇಕೆ? ನಿಮ್ಮ ಕಚೇರಿಗೆ ಬಂದು ಕೇಳಿದೆ. ‘ಪಕ್ಕದ ರಾಜ್ಯದ್ದು ಮೇಡಂ, ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದರು ಅಲ್ಲಿದ್ದವರು. ವಿಭೂತಿಯೇ ಆಗಿದ್ದರೆ ವ್ಯಾಪ್ತಿಯ ಮಾತೇಕೆ? ವ್ಯಾಪ್ತಿಯ ಮಾತಾದರೆ ವಿಭೂತಿ ಏಕೆ? ಬೂದಿ ಸ್ಥಾವರದ್ದೇ ಎಂದು ನಾನು ಪ್ರಮಾಣ ಮಾಡಲಾರೆ, ಹೇಳಬೇಕಾದ ಯಂತ್ರ ನಿಮ್ಮ ಕೈಯಲ್ಲಿದೆ. ಅಳೆದರೆ ಗಡಿಯಾಚೆಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಲೇಬೇಕಾಗುತ್ತದೆ, ಬರೆಯುವುದು ಬೇಡವೆಂದೇ ಅಳೆಯುತ್ತಿಲ್ಲ ಎಂಬುದು ನನ್ನ ಗುಮಾನಿ. ಅದು ಸುಳ್ಳಾದರೆ ನನಗಿಂತ ಸಂತೋಷಪಡುವವರು ಯಾರೂ ಇರುವುದಿಲ್ಲ.

ಗಾಳಿ ಬೀಸುವ ಆ ನಾಲ್ಕು ತಿಂಗಳು ಅತ್ತೆಯವರನ್ನು ಬೇರೆ ಊರಿನಲ್ಲಿಡಿ, ಇಲ್ಲೇ ಇನ್ನೊಂದು ಚಳಿಗಾಲ ಕಳೆದರೆ ಕಷ್ಟ ಎಂದು ಚಾಮರಾಜನಗರದ ವೈದ್ಯರು ಹೇಳಿದ್ದಾರೆ. ನಮ್ಮ ಅಪ್ಪನ ಮನೆಗೆ ಬನ್ನಿ ಎಂದು ಕರೆದೆ. ‘ಸೊಸೆ ತೌರ್‌ಗೆ ಓಗಿ ನಾನ್ ಕೂತ್ಕಳನಾ? ಊರು ನಗ್ತದೆ, ಬುಡು’ ಎಂದರು. ಅಷ್ಟು ಹೇಳುವುದರೊಳಗೆ ಎರಡು ಸಲ ನಿಂತು ಉಸಿರೆಳೆದುಕೊಂಡರು.

ಆದ್ದರಿಂದ ಬರುವ ನವೆಂಬರ್ ಒಂದರಂದು ನಿಮ್ಮ ಯಂತ್ರ ನಮ್ಮ ತಾರಸಿಯ ಮೇಲೆ ಓಡುತ್ತಿರಬೇಕು. ಬೀಗದ ಕೈ ನೀವೇ ಇಟ್ಟುಕೊಳ್ಳಿ, ಕರೆಂಟು ನಾವು ಕೊಡುತ್ತೇವೆ. ದಿನದ ಅಂಕಿ ಪಂಚಾಯಿತಿಯ ಹಲಗೆಯ ಮೇಲೆ ಬರಬೇಕು. ಆ ಅಂಕಿಗಳನ್ನಿಟ್ಟು ಪಕ್ಕದ ರಾಜ್ಯದ ಮಂಡಳಿಗೂ ಕೇಂದ್ರ ಮಂಡಳಿಗೂ ನೀವು ಬರೆಯುವ ಪತ್ರದ ಪ್ರತಿ ನಮಗೆ ಬೇಕು. ಆಗಲೂ ಯಂತ್ರ ಕೆಟ್ಟರೆ ಅತ್ತೆಯವರನ್ನೇ ಕರೆತಂದು ನಿಮ್ಮ ಮೇಜಿನ ಮುಂದೆ ಕೂರಿಸುತ್ತೇನೆ. ಅವರ ಉಸಿರು ಕೇಳಿಸಿಕೊಳ್ಳಲು ಯಾವ ಯಂತ್ರವೂ ಬೇಕಾಗಿಲ್ಲ.

ಇಂತಿ,
ಅರ್ಜಿ ಬರೆದವಳು ತಾನೇ ಆದರೂ ನಿಮ್ಮ ಹಿಂಬರಹದಲ್ಲಿ ಬರೀ ‘ಬಸವಪ್ರಸಾದ್ ಅವರ ಪತ್ನಿ’ಯಾಗಿ ಉಳಿದ
ಪವಿತ್ರ, ಉಮ್ಮತ್ತೂರು