ಅಪ್ಪಂದಿರ ಓಟ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಸುಮ್ಮನಿದ್ದೆ, ಬೈಯಬೇಡ. ಕೈಗೇನೂ ಆಗಿರಲಿಲ್ಲ, ಆದದ್ದು ಕಾಲಿಗೆ. ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು.

ಮಗಳ ಶಾಲೆಯ ಕ್ರೀಡಾದಿನಕ್ಕೆ ಹೋಗಿದ್ದೆ. ಅಪ್ಪಂದಿರಿಗೂ ಒಂದು ಓಟ ಇಟ್ಟಿದ್ದರು. ಒಂದು ಕಾಲಕ್ಕೆ ಓಡಿ ಪದಕ ಗೆದ್ದವನು, ಈಗ ಹುಡುಗರಿಗೆ ಓಟ ಕಲಿಸುವವನು ನಾನು. "ಮೈ ಬಿಸಿ ಮಾಡ್ಕೊಳ್ದೆ ಓಡಿದ್ರೆ ಕಾಲು ಮುರೀತೀನಿ" ಎಂದು ದಿನಾ ಗದರುತ್ತೇನೆ. ಅವತ್ತು ಮಾತ್ರ ಕುರ್ಚಿಯಿಂದೆದ್ದು ನೆಟ್ಟಗೆ ಹೋಗಿ ಗೆರೆಯ ಮೇಲೆ ನಿಂತುಬಿಟ್ಟೆ. ಏಕೆಂದರೆ ಪಕ್ಕದಲ್ಲೇ ಹಲ್ಲಿನ ಡಾಕ್ಟರು ನಿಂತಿದ್ದರು. ನಾವು ಬೇರೆಯಾದ ಮೇಲೆ ಮಗಳ ಅಮ್ಮ ಮದುವೆಯಾದದ್ದು ಅವರನ್ನೇ ಎಂದು ನಿನಗೆ ಗೊತ್ತಲ್ಲ. ಮಗಳಿರುವುದೂ ಅವರ ಮನೆಯಲ್ಲೇ. ಹೊಟ್ಟೆ ಮುಂದೆ, ಮನುಷ್ಯ ಹಿಂದೆ. ಅವರನ್ನು ಸೋಲಿಸಲು ಮೈ ಬಿಸಿ ಯಾಕೆ ಬೇಕು?

ಅರ್ಧ ದಾರಿಯಲ್ಲಿ 'ಟಪ್' ಎಂದಿತು. ಯಾರೋ ಹಿಂದಿನಿಂದ ಹಿಮ್ಮಡಿಗೆ ಜಾಡಿಸಿ ಒದ್ದ ಹಾಗೆ. ಬಿದ್ದಲ್ಲಿಂದಲೇ ತಿರುಗಿ, "ಏನ್ರೀ, ಒದೀತೀರಾ? ಮರ್ಯಾದೆ ಇಲ್ವಾ ನಿಮಗೆ?" ಎಂದು ಕಿರುಚಿದೆ. ಪಾಪ, ಡಾಕ್ಟರು ಎಷ್ಟೋ ಮಾರು ಹಿಂದೆ ಏದುಸಿರು ಬಿಡುತ್ತಾ ಬರುತ್ತಿದ್ದರು.

"ನಾನಿನ್ನೂ ಅಲ್ಲಿಗೆ ಬಂದೇ ಇಲ್ಲ ಸಾರ್," ಎಂದರು.

ಆಸ್ಪತ್ರೆಗೆ ಕರೆದೊಯ್ದವರೂ ಅವರೇ. ಮೂಳೆ ಡಾಕ್ಟರಮ್ಮ ನನ್ನನ್ನು ಬೋರಲು ಮಲಗಿಸಿ ಮೀನಖಂಡ ಹಿಂಡಿದರು. ಒಳ್ಳೆಯ ಕಾಲಿನ ಪಾದ ಆಡಿತು. ಇನ್ನೊಂದು, ನನಗೂ ನಿನಗೂ ಸಂಬಂಧವೇ ಇಲ್ಲ ಎಂಬಂತೆ ಸುಮ್ಮನಿತ್ತು. "ಮೀನಖಂಡಾನ ಹಿಮ್ಮಡಿಗೆ ಕಟ್ಟಿರೋ ಹಗ್ಗ ಕಿತ್ತೋಗಿದೆ. ಯಾರೂ ಒದ್ದಿಲ್ಲ, ಎಲ್ರಿಗೂ ಹಾಗೇ ಅನ್ಸತ್ತೆ," ಎಂದರು. ಮೂಲೆಯಲ್ಲಿ ನಿಂತಿದ್ದ ಹಲ್ಲಿನ ಡಾಕ್ಟರು ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು.

ಕೊಯ್ದು ನೋಡಿದರೆ ಎರಡು ತುದಿಗಳೂ ಸವೆದ ಪೊರಕೆಯಂತೆ ಕೆದರಿಕೊಂಡಿದ್ದವಂತೆ. ಒಪ್ಪವಾಗಿ ಸೇರಿಸಿ ಗಟ್ಟಿ ದಾರದಲ್ಲಿ ಹೊಲಿದರು. ಹೊಲಿಗೆ ಎಳೆಯದಿರಲೆಂದು ಪಾದವನ್ನು ಕೆಳಮುಖ ಮಾಡಿ ಪಟ್ಟಿ ಹಾಕಿದರು. ಸ್ವಲ್ಪ ಕಾಲ ತುದಿಗಾಲಲ್ಲಿ ನಿಂತ ನರ್ತಕಿಯಂತೆ ಮಂಚದ ಮೇಲೆ ಬಿದ್ದಿದ್ದೆ. ಈಗ ಉದ್ದನೆಯ ಬೂಟು ಬಂದಿದೆ. ಹಿಮ್ಮಡಿಯಡಿ ಇಟ್ಟ ಬೆಣೆಗಳನ್ನು ಒಂದೊಂದಾಗಿ ತೆಗೆದು ಪಾದವನ್ನು ನೆಲಕ್ಕಿಳಿಸುತ್ತಾರೆ. ವ್ಯಾಯಾಮ ಮಾಡಿಸುವ ಹುಡುಗಿ, "ಅವಸರ ಮಾಡಿದ್ರೆ ಮತ್ತೆ ಕಿತ್ತೋಗತ್ತೆ ಅಂಕಲ್," ಎಂದು ಗದರುತ್ತಾಳೆ. ಓಡುವ ಮಾತೇನಿದ್ದರೂ ಮುಂದಿನ ವರ್ಷಕ್ಕೆ.

ಭಾವನವರಿಗೆ ನಮಸ್ಕಾರ ಹೇಳು. ಮಕ್ಕಳು ನೂರು ಕಾಲ ಓಡಾಡಿಕೊಂಡಿರಲಿ, ನನ್ನ ಹಾಗೆ ಓಡದಿರಲಿ.

ನಿನ್ನ ಕುಂಟ ತಮ್ಮ

ತಾ.ಕ.: ಒಂದು ಮಾತು ಬರೆಯದೆ ಬಿಟ್ಟಿದ್ದೆ. ನಾನು ಬಿದ್ದಾಗ ಮಗಳು "ಅಪ್ಪಾ!" ಎಂದು ಕೂಗಿ ಓಡಿ ಬಂದಳು. ನಾನು ತಲೆಯೆತ್ತಿದೆ. ಡಾಕ್ಟರೂ ತಿರುಗಿದರು. ಅವಳು ಇಬ್ಬರ ಮುಖವನ್ನೂ ನೋಡಿ, ಏನೋ ತಪ್ಪು ಮಾಡಿದವಳಂತೆ ನಡುವೆಯೇ ನಿಂತುಬಿಟ್ಟಳು. ಅವರು ಮೆಲ್ಲಗೆ ಪಕ್ಕಕ್ಕೆ ಸರಿದು, "ಹೋಗಮ್ಮ, ನಿನ್ನೇ ನೋಡ್ತಿದಾರೆ," ಎಂದರು. ಆ ಮನುಷ್ಯನನ್ನು ದ್ವೇಷಿಸಲು ನನಗಿನ್ನು ಒಂದು ಕಾರಣವೂ ಉಳಿದಿಲ್ಲ, ಅಕ್ಕಾ. ಕಾಲಿಗಿಂತ ಅದೇ ಹೆಚ್ಚು ನೋಯುತ್ತಿದೆ.